ಲೋಗೋ ಹಸಿರು ಅಂತೀರಿ, ಯಾವ ಹಸಿರು ಅಂತ ಹೇಳ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ನಾನು ಗದಗ-ಬೆಟಗೇರಿಯೊಳಗ ಸಣ್ಣದೊಂದು ಡಿಟಿಪಿ ಮತ್ತ ಪ್ರಿಂಟಿಂಗ್ ಅಂಗಡಿ ಇಟ್ಕೊಂಡಾಂವ. ಮಂದಿ ಲಗ್ನಪತ್ರಿಕಿ, ಬಿಲ್ ಬುಕ್ ಬರದು ರೂಢಿ ಐತಿ ಖರೆ, ಪೇಪರಿಗೆ ಪತ್ರ ಬರ್ಯೋದು ಇದ ಮೊದಲ, ತಪ್ಪಿದ್ರ ತಿದ್ಕೊಂಡು ಓದ್ರಿ. ಮಾತು ಏನಂದ್ರ ನಮ್ಮ ಸಂಘ, ಶಾಲಿ, ಟ್ರಸ್ಟು, ಬ್ಯಾಂಕಿನವರು ತಮ್ಮ ಲೋಗೋದ ಬಣ್ಣದ ಗತಿ ಏನ್ ಮಾಡ್ಯಾರ ಅನ್ನೋದು.

ಹೋದ ತಿಂಗಳ ನಿಮ್ಮ ಪೇಪರಿನ್ಯಾಗ ನಮ್ಮ ಕಡೆ ಒಂದು ಪತ್ತಿನ ಸಂಘದ ವಾರ್ಷಿಕ ಸಭೆ ಜಾಹೀರಾತು ಬಂತು, ಸಂಘದ ಹೆಸರು ಬ್ಯಾಡ, ಗಿರಾಕಿ ಅವರು. ಅವತ್ತ ಮುಂಜಾನೆ ನಾ ಇನ್ನೂ ಅಂಗಡಿ ಕಸ ಹೊಡೀತಿದ್ದೆ, ಸೆಕ್ರೆಟರಿ ಸಾಹೇಬ್ರು ಪೇಪರ್ ಮಡಚಿ ಬಗಲಾಗ ಇಟ್ಕೊಂಡು ಬಂದ್ರು. ಚಹಾ ಹೇಳ್ಲಿ ಏನ್ರಿ ಅಂದ್ರ ಬ್ಯಾಡ ಅಂದ್ರು. ನಮ್ಮೂರಾಗ ಚಹಾ ಬ್ಯಾಡ ಅಂದ್ರು ಅಂದ್ರ ಸಿಟ್ಟು ಬಂದೈತಿ ಅಂತ ತಿಳ್ಕೋಬೇಕು. ಪೇಪರ್ ಬಿಚ್ಚಿ ಕೌಂಟರ್ ಮ್ಯಾಲ ಹಾಸಿ, ಇದು ನಮ್ಮ ಲೋಗೋ ಏನ್ರಿ, ಒಣಗಿದ ಬೇವಿನ ತಪ್ಪಲ ಇದ್ಹಂಗ ಐತಿ, ಪೇಪರಿನವ್ರು ಕೆಡಿಸ್ಯಾರೋ ನೀವ್ ಕೆಡಿಸೀರೋ ಅಂದ್ರು.

ನಾನು ಸೀದಾ ಉತ್ತರ ಕೊಡ್ಲಿಲ್ಲ. ನಿಮ್ಮ ಸಂಘದ್ದು ಏನೇನ್ ಐತಿ ಎಲ್ಲಾ ತರ್ರಿ ಅಂದೆ. ಹುಡುಗನ್ನ ಕಳಿಸಿ ತರಿಸಿದ್ರು. ಪಾಸ್‌ಬುಕ್ಕು, ಲೆಟರ್‌ಹೆಡ್ಡು, ಎರಡು ವರ್ಷದ ಹಿಂದಿನ ಕ್ಯಾಲೆಂಡರು, ಒಂದು ಬಟ್ಟಿ ಚೀಲ, ಬ್ಯಾಂಕಿನ ಮುಂದಿನ ಬೋರ್ಡಿನ ಫೋಟೋ, ವಸೂಲಿ ಗಾಡಿ ಮ್ಯಾಲಿನ ಸ್ಟಿಕರ್‌ದು ಇನ್ನೊಂದು ಫೋಟೋ. ಎಲ್ಲಾ ಸಾಲಾಗಿ ಇಟ್ವಿ ನೋಡ್ರಿ, ಆರು ಸಾಮಾನು ಆರು ಹಸಿರು! ಪಾಸ್‌ಬುಕ್ಕಿನ ಮ್ಯಾಲ ನವಿಲಿನ ಬಣ್ಣ, ಲೆಟರ್‌ಹೆಡ್ಡಿನ್ಯಾಗ ಕರೀ ಹಸಿರು, ಚೀಲದ ಮ್ಯಾಲ ಪಾಚಿ, ಗಾಡಿ ಮ್ಯಾಲ ಗಿಣಿಹಸಿರು. ಬೋರ್ಡ್ ಅಂತೂ ಪಶ್ಚಿಮಕ್ಕ ಮುಖ ಮಾಡಿ ಎರಡು ಬ್ಯಾಸಿಗಿ ತಿಂದೈತಿ, ಹಳದಿ ಇಂಕು ಹಾರಿ ಬರೇ ನೀಲಿ ಉಳದೈತಿ. ಫ್ಲೆಕ್ಸಿನ ಹಣೇಬರಾನ ಅಷ್ಟು, ಬಿಸಿಲಿಗೆ ಹಳದಿ ಮತ್ತ ಮಜೆಂಟಾ (ಗುಲಾಬಿಗೆಂಪು ಇಂಕು) ಮೊದಲ ಹೋಗ್ತಾವ, ಅದಕ್ಕ ಹಳೇ ಪೋಸ್ಟರೆಲ್ಲಾ ನೀಲಿ ಭೂತ ಆಗಿ ನಿಂತಿರ್ತಾವ.

ಇದರಾಗ ನಿಮ್ಮ ಬಣ್ಣ ಯಾವುದ್ರಿ ಸಾಹೇಬ್ರ ಅಂತ ಕೇಳಿದೆ. ಅವರು ಆರೂ ನೋಡಿದ್ರು, ಆಮ್ಯಾಲೆ ಕಿಸೆದಿಂದ ಮೊಬೈಲ್ ತಗದು, ಇದು ಅಂತ ವಾಟ್ಸಾಪ್ ಡಿಪಿ ತೋರಿಸಿದ್ರು. ಮೊಬೈಲ್ ಸ್ಕ್ರೀನು ಒಂಥರಾ ಅರಿಷಿಣ ಬಡದ್ಹಂಗ ಕಾಣ್ತಿತ್ತು. ಕೇಳಿದ್ರ ಕಣ್ಣು ಉರೀತಾವ ಅಂತ ಮಗಳು ಅದೇನೋ ಕಣ್ಣಿಗೆ ತಂಪು ಮಾಡೋ ಸೆಟ್ಟಿಂಗ್ ಹಚ್ಚಿ ಕೊಟ್ಟಾಳಂತ, ಆರು ತಿಂಗಳಾತಂತ. ಅಂದ್ರ ಸಾಹೇಬ್ರು ಆರು ತಿಂಗಳಿಂದ ತಮ್ಮ ಸಂಘದ ಹಸಿರನ್ನ ಹಳದಿ ಕನ್ನಡಕದಾಗ ನೋಡಾಕತ್ತಾರ, ಅದ ಬಣ್ಣ ಬೇಕು ಅಂತ ನಮ್ಮ ಮ್ಯಾಲ ಬೈಯಾಕತ್ತಾರ.

ಅವರ ಒಬ್ಬರದ ತಪ್ಪು ಅಂತ ನಾ ಅನ್ನಾಂಗಿಲ್ಲ. ಲೋಗೋ ಮಾಡಿದ್ದು ಯಾರೋ ಡೈರೆಕ್ಟರ್ ಅಳಿಯ, ಮೊಬೈಲ್ ಆ್ಯಪಿನ್ಯಾಗ, ಅಂವ ಈಗ ಪುಣೆಕ್ಕ ಹೋಗ್ಯಾನ, ಒರಿಜಿನಲ್ ಫೈಲ್ ಎಲ್ಲೈತಿ ಅಂತ ಅವಂಗೂ ನೆನಪಿಲ್ಲ. ಉಳದದ್ದು ವಾಟ್ಸಾಪಿನ್ಯಾಗ ಇಪ್ಪತ್ತು ಮಂದಿ ಕೈ ದಾಟಿ ಬಂದ ಒಂದು ಜೆಪಿಜಿ. ನಾನೂ ಅರ್ಜೆಂಟ್ ಐತಿ ಅಂದ್ರು ಅಂತ ಅದನ್ನ ಹಂಗ ಎತ್ತಿ ಜಾಹೀರಾತಿಗೆ ಹಾಕಿ ನಿಮ್ಮ ಆಫೀಸಿಗೆ ಮೇಲ್ ಮಾಡಿದ್ದೆ. ಅದಕ್ಕ ಮೊದಲ ಒಪ್ಕೊಂತೇನಿ, ನಿಮ್ಮ ಪ್ರೆಸ್ಸಿನವರ ತಪ್ಪೇನೂ ಇಲ್ಲ.

ಮೊಬೈಲಿಗೂ ಪೇಪರಿಗೂ ಫರಕು ಏನು ಅಂತ ಸಾಹೇಬ್ರಿಗೆ ಹೇಳಿದ್ದನ್ನ ಇಲ್ಲೂ ಹೇಳ್ತೇನಿ, ಓದೋರಿಗೆ ಉಪಯೋಗ ಆದೀತು. ಮೊಬೈಲು ಟಿವಿ ಎಲ್ಲಾ ದೀಪ. ಕೆಂಪು, ಹಸಿರು, ನೀಲಿ ಮೂರು ದೀಪ ಕೂಡಿಸಿ ಬಣ್ಣ ಮಾಡ್ತಾವ, ಮೂರೂ ಪೂರ್ತಿ ಹಚ್ಚಿದ್ರ ಬಿಳಿ. ಪೇಪರಿನ್ಯಾಗ ದೀಪ ಎಲ್ಲಿಂದ ಬರಬೇಕು, ಅಲ್ಲೆ ಇಂಕು, ಸಯಾನ್ (ತಿಳಿನೀಲಿ), ಮಜೆಂಟಾ, ಹಳದಿ, ಕರಿ ನಾಲ್ಕು, ಹಾಕಿದಷ್ಟು ಕಪ್ಪಗ ಆಕ್ಕೊಂತ ಹೋಗ್ತೈತಿ. ಸ್ಕ್ರೀನಿನ ಮ್ಯಾಲ ಹೊಳೆಯೋ ಗಿಣಿಹಸಿರು ಇಂಕಿನ ಕೈಗೆ ಸಿಗೋದ ಇಲ್ಲ, ಎಷ್ಟ ದೊಡ್ಡ ಮಷಿನ್ ಇದ್ರೂ ಅಷ್ಟ. ಕಂಪ್ಯೂಟರು ತನಗ ತಿಳಿದ್ಹಂಗ ಹತ್ತರದ ಬಣ್ಣ ಹುಡುಕಿ ಕೂಡಿಸ್ತೈತಿ, ಅದ ಬೇವಿನ ತಪ್ಪಲ ಆತು ನೋಡ್ರಿ. ಅದರ ಮ್ಯಾಲ ನ್ಯೂಸ್‌ಪ್ರಿಂಟ್ ಅಂದ್ರ ಇಂಕು ಕುಡಿಯೋ ಕಾಗದ, ಸ್ವಲ್ಪ ಬೂದಿ ಬಣ್ಣಾನೂ ಇರ್ತೈತಿ, ಚುಕ್ಕಿ ಬಿದ್ದ ಕೂಡ್ಲೆ ಹರಡಿ ದಪ್ಪ ಆಕ್ಕಾವ. ಒಂದೊಂದು ಇಂಕಿಗೆ ಪೂರ್ತಿ ಅಂದ್ರ 100 ಪರ್ಸೆಂಟ್ ಅಂತ ಹಿಡದು, ನುಣುಪಿನ ಆರ್ಟ್ ಪೇಪರಿನ ಮ್ಯಾಲ ನಾಲ್ಕೂ ಕೂಡಿಸಿ 300 ಪರ್ಸೆಂಟ್ ತನಕ ಇಂಕು ಹೇರಬಹುದು, ನ್ಯೂಸ್‌ಪ್ರಿಂಟಿಗೆ 240 ದಾಟಬಾರದು ಅಂತ ಲೆಕ್ಕ ಐತಿ, ದಾಟಿದ್ರ ಹಿಂದಿನ ಪುಟಕ್ಕ ಇಳೀತೈತಿ, ಓದೋರ ಬಟ್ಟಿಗೂ ಹತ್ತತೈತಿ.

ನಂಬಿಕಿ ಬರದಿದ್ರ ಇವತ್ತಿನ ಪೇಪರ್ ತಗೊಂಡು ಭೂತಕನ್ನಡಿ ಹಿಡದು ಯಾವದರ ಹಸಿರು ನೋಡ್ರಿ. ಹಸಿರು ಇಂಕು ಅಲ್ಲೆ ಇರೂದ ಇಲ್ಲ! ಬರೇ ಸಯಾನ್ ಚುಕ್ಕಿ, ಹಳದಿ ಚುಕ್ಕಿ, ಒಂದರ ಬಗಲಾಗ ಒಂದು, ಒಂದರ ಮ್ಯಾಲ ಒಂದು ಅರ್ಧ ಹತ್ತಿದ್ದು, ನಡುವ ಕಾಗದದ ಬಿಳಿ. ಸೆಕ್ರೆಟರಿ ಸಾಹೇಬ್ರಿಗೆ ನನ್ನ ಲೆನ್ಸ್ ಕೊಟ್ಟು ತೋರಿಸಿದೆ, ಒಂದು ಕಣ್ಣು ಮುಚ್ಚಿ ಭಾಳ ಹೊತ್ತು ನೋಡಿದ್ರು, ಮಾತಾಡ್ಲಿಲ್ಲ, ಆಮ್ಯಾಲೆ ಚಹಾ ಹೇಳ್ರಿ ಅಂದ್ರು.

ಈಗ ಹೇಳಬೇಕಂದ ಮಾತಿಗೆ ಬರ್ತೇನಿ. ಬಣ್ಣಕ್ಕ ಹೆಸರು ಸಾಲೂದಿಲ್ಲ, ಅಂಕಿ ಬೇಕು. ಹಸಿರು ಅಂದ್ರ ನನ್ನ ತಲಿಯಾಗ ಒಂದು, ನಿಮ್ಮ ತಲಿಯಾಗ ಒಂದು, ಮಷಿನ್ ಓಡ್ಸೋ ಹುಡುಗನ ತಲಿಯಾಗ ಮೂರನೇದು. ನಮ್ಮ ಹುಬ್ಬಳ್ಳಿ ಬೆಂಗೇರಿಗೆ ಹೋಗಿ ನೋಡ್ರಿ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, 1957ರ ನವೆಂಬರ್ 1ಕ್ಕ ಶುರು ಆದದ್ದು, ಅಲ್ಲೆ ರಾಷ್ಟ್ರಧ್ವಜ ತಯಾರಾಕ್ಕಾವ. ಧ್ವಜದ ಕೇಸರಿ ಅಂದ್ರ ಯಾವ ಕೇಸರಿ, ಹಸಿರು ಅಂದ್ರ ಯಾವ ಹಸಿರು ಅಂತ ಬಿಐಎಸ್ ಅಂದ್ರ ಭಾರತೀಯ ಮಾನಕ ಬ್ಯೂರೋದವರ ಮಾನದಂಡದೊಳಗ ಅಂಕಿ ಹಾಕಿ ಬರದಾರ, ಎಷ್ಟು ಹೆಚ್ಚುಕಡಿಮಿ ಆದ್ರ ನಡೀತೈತಿ ಅನ್ನೋದನ್ನೂ ಬರದಾರ. ಉದ್ದ 3 ಇದ್ರ ಅಗಲ 2, ಚಕ್ರಕ್ಕ 24 ಗೆರಿ, ಅದಕ್ಕ ನೇವಿ ಬ್ಲೂ. ಗರಗದ ಕಡೆ ನೇಯ್ದ ಖಾದಿ ಅದಕ್ಕ ಹೋಗ್ತೈತಿ ಅಂತ ನಾವೆಲ್ಲಾ ಅಭಿಮಾನದಿಂದ ಹೇಳ್ಕೊಂತೀವಿ, ಆದ್ರ ಅಷ್ಟ ಹತ್ತರ ಕುಂತ ನಾವು ಅವರಿಂದ ಇದೊಂದು ಬುದ್ಧಿ ಕಲೀಲಿಲ್ಲ. ಆ ಕಡೆ ಬ್ಯಾಡಗಿ ಬಜಾರದಾಗೂ ಹಂಗ, ಮೆಣಸಿನಕಾಯಿ ಖಾರಕ್ಕಲ್ಲ, ಬಣ್ಣಕ್ಕ ರೊಕ್ಕ. ಬಣ್ಣ ತಗಿಯೋ ಕಂಪನಿಯವರು ಕೆಂಪಗೈತಿ ಅಂದ್ರ ಕೇಳೂದಿಲ್ಲ, ಲ್ಯಾಬಿನ್ಯಾಗ ಅಳದು ಆಸ್ತಾ ಅಂಕಿ, ಅಂದ್ರ ಬಣ್ಣದ ಅಳತಿ, ಎಷ್ಟು ಅಂತ ಕೇಳ್ತಾರ. ಮೆಣಸಿನಕಾಯಿಗೆ ಇರೋ ಮರ್ಯಾದಿ ನಮ್ಮ ಸಂಘದ ಲೋಗೋಕ್ಕ ಇಲ್ಲ ನೋಡ್ರಿ.

ಇನ್ನ ಹೆಣ್ಮಕ್ಕಳನ್ನ ನೋಡ್ರಿ. ನನ್ನ ಮನೆಯಾಕಿ ಇಳಕಲ್ ಸೀರಿಗೆ ಜಂಪರ್ ಪೀಸ್ ತರಬೇಕಂದ್ರ ಸೀರಿನ ಚೀಲದಾಗ ಇಟ್ಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋಗ್ತಾಳ, ಅಂಗಡಿಯಾಂವ ತಾನು ಬಿಚ್ಚಿ ಇದ ನೋಡ್ರಿ ಅಕ್ಕಾರ ಸೇಮ್ ಟು ಸೇಮ್ ಅಂದ್ರೂ ಕೇಳೂದಿಲ್ಲ, ಎರಡೂ ಹಿಡಕೊಂಡು ಅಂಗಡಿ ಹೊರಗ ಬಂದು ಬಿಸಿಲಿಗೆ ಹಿಡದು ನೋಡಿ ಆಮ್ಯಾಲೆ ರೊಕ್ಕ ಕೊಡ್ತಾಳ. ಟ್ಯೂಬ್‌ಲೈಟಿನ್ಯಾಗ ಒಂದ ಕಂಡ ಬಣ್ಣ ಬಿಸಿಲಿಗೆ ಎರಡ ಆಗೂದು ಖರೆ, ನಾವು ಪ್ರೆಸ್ಸಿನ್ಯಾಗೂ ದಿನಾ ಅನುಭವಿಸ್ತೀವಿ. ಮೊಬೈಲಿನ್ಯಾಗ ಸೀರಿ ಫೋಟೋ ತೋರ್ಸಿ ಜಂಪರ್ ಪೀಸ್ ತರೋ ಹೆಣ್ಮಗಳು ನಮ್ಮೂರಾಗ ಯಾರರ ಅದಾರ ಏನ್ರಿ? ಆದ್ರ ಕೋಟಿಗಟ್ಟಲೆ ಠೇವಣಿ ಇರೋ ಸಂಘದವರು ಫೋಟೋ ತೋರ್ಸಿ ಹತ್ತು ಸಾವಿರ ಕ್ಯಾಲೆಂಡರ್ ಹೊಡಸ್ತಾರ.

ಅಂಕಿ ಅಂದ್ರ ಏನು ಭಾಳ ದೊಡ್ಡದಲ್ಲ. ಪ್ಯಾಂಟೋನ್ ಅಂತ ಅಮೆರಿಕದ ಕಂಪನಿ 1963ರಿಂದ ಬಣ್ಣಕ್ಕ ನಂಬರ್ ಕೊಟ್ಟು ಶೇಡ್ ಕಾರ್ಡ್ ಮಾಡ್ಯಾರ, ನಂಬರಿನ ಮುಂದ ಸಿ ಇದ್ರ ನುಣುಪಿನ ಕಾಗದ, ಯು ಇದ್ರ ಸಾದಾ ಕಾಗದ, ಯಾಕಂದ್ರ ಅದ ಇಂಕು ಎರಡರ ಮ್ಯಾಲ ಎರಡು ಥರ ಕಾಣ್ತೈತಿ. ದೊಡ್ಡ ಕಂಪನಿಗಳು ಅದನ್ನ ಬಳಸ್ತಾವ, ಆ ಇಂಕು ಬ್ಯಾರೆ ಕಲಸಬೇಕು, ಅಚ್ಚು ಹಾಕಾಕ ಬ್ಯಾರೆ ಪ್ಲೇಟು, ಖರ್ಚು ಹೆಚ್ಚು. ನಮ್ಮ ಊರಿನ ಸಂಘಕ್ಕ ಅದೇನ ಬೇಕಾಗಿಲ್ಲ, ನಾಲ್ಕು ಇಂಕಿನ ನಾಲ್ಕು ಅಂಕಿ, ಸ್ಕ್ರೀನಿಗೆ ಒಂದು ಅಂಕಿ, ಗಾಡಿ ಸ್ಟಿಕರಿಗೆ ವಿನೈಲ್ ರೋಲಿನ ನಂಬರು, ಇಷ್ಟು ಬರದಿಟ್ರ ಸಾಕು. ಜೊತಿಗೆ ಸಿಡಿಆರ್ (ಕೋರೆಲ್‌ಡ್ರಾದಾಗ ಮಾಡಿದ ಫೈಲು) ಇಲ್ಲಾ ಪಿಡಿಎಫ್ ಫೈಲು, ವಾಟ್ಸಾಪಿನ್ಯಾಗ ಫೋಟೋ ಮಾಡಿ ಅಲ್ಲ, ಡಾಕ್ಯುಮೆಂಟ್ ಮಾಡಿ ಕಳಸ್ರಿ ಅಂತ ನಾ ಎಷ್ಟ ಮಂದಿಗೆ ಎಷ್ಟ ಸಲ ಹೇಳೇನಿ ಆ ಮಲ್ಲಯ್ಯಗ ಗೊತ್ತು.

ನಂದೂ ಒಂದು ತಪ್ಪು ಹೇಳಿಬಿಡ್ತೇನಿ. ಭಾಳ ವರ್ಷದ ಹಿಂದ ಒಂದು ಶಾಲಿಯ ಬೆಳ್ಳಿಹಬ್ಬಕ್ಕ 2000 ಸ್ಮರಣ ಸಂಚಿಕಿ. ಶಾಲಿ ಲೋಗೋ ಛಲೋ ನೀಲಿ. ನಾನು ಹೊಸಬ, ಸಯಾನ್ 100 ಮಜೆಂಟಾ 100 ಇಟ್ಟೆ, ಕಂಪ್ಯೂಟರಿನ್ಯಾಗ ಕಡುನೀಲಿ ಕಂಡ್ತು. ಪ್ರಿಂಟ್ ಆಗಿ ಬಂದದ್ದು ಬದನಿಕಾಯಿ! ಹೆಡ್‌ಮಾಸ್ತರ್ರು ಒಂದು ಪ್ರತಿ ಕೈಯಾಗ ಹಿಡದು, ಯಾಕಪಾ ನಮ್ಮ ಶಾಲಿಗೆ ಬದನಿಕಾಯಿ ಮಾಡಿದೆಲ್ಲ ಅಂತ ಕೇಳಿದ್ದು ಇವತ್ತಿಗೂ ಕಿವಿಯಾಗೈತಿ. ಮುಖಪುಟ ಮತ್ತ ಹೊಡದು ಕೊಟ್ಟೆ, ಲುಕ್ಸಾನ ನಂದ. ಆಮ್ಯಾಲೆ ಹಿರೇ ಮಷಿನ್‌ಮನ್ ಒಬ್ಬರು ಕಲಿಸಿದ್ರು, ನೀಲಿ ನೀಲಿಯಾಗಿ ಉಳೀಬೇಕಂದ್ರ ಮಜೆಂಟಾದ ಅಂಕಿ ಸಯಾನಿನ ಅಂಕಿಗಿಂತ ಏನಿಲ್ಲಂದ್ರೂ 30 ಕಡಿಮಿ ಇರಬೇಕು ಅಂತ. ಮತ್ತ ಕರೀ ಅಕ್ಷರ ಬರೇ ಕರೀ ಇಂಕಿನ್ಯಾಗ ಇರಬೇಕು, ನಾಲ್ಕೂ ಇಂಕಿನ್ಯಾಗ ಮಾಡಿದ್ರ ಪ್ಲೇಟು ಕೂದಲೆಳಿಯಷ್ಟು ಸರದ್ರೂ ಅಕ್ಷರದ ಬಗಲಾಗ ಕೆಂಪು ನೆರಳು ಬೀಳ್ತೈತಿ. ಲೋಗೋದ ಕೆಳಗಿನ ಸಣ್ಣ ಅಕ್ಷರ, ಅಂದ್ರ ಸ್ಥಾಪನೆ, ರಿ. ನಂ., ಅದೆಲ್ಲಾ ಹಿಂಗ ಹಾಳಾಗೂದು.

ಗದಗಿಗೆ ಮುದ್ರಣ ಕಾಶಿ ಅಂತಾರ. ನಮ್ಮ ಹಿರ್ಯಾರ ಕಾಲದಾಗ ಕಾಲಿಲೆ ತುಳಿಯೋ ಟ್ರೆಡಲ್ ಮಷಿನ್ ಮ್ಯಾಲ ಒಂದ ಬಣ್ಣ. ಲೋಗೋಕ್ಕ ಬ್ಲಾಕ್ (ಅಚ್ಚು) ಮಾಡಸ್ತಿದ್ರು, ಅದ ಬ್ಲಾಕು ಲೆಟರ್‌ಹೆಡ್ಡಿಗೂ ಹ್ಯಾಂಡ್‌ಬಿಲ್ಲಿಗೂ. ಬಣ್ಣದ ಜಗಳಾನ ಇರ್ಲಿಲ್ಲ, ಲೋಗೋ ಅದರ ಆಕಾರದ ಮ್ಯಾಲ ನಿಲ್ಲತಿತ್ತು. ಈಗಿನ ಲೋಗೋ ನೋಡಿದ್ರ ಏಳು ಬಣ್ಣ, ಹಿಂದ ನೆರಳು, ನಡುವ ಹೊಳಪು, ಅಂಚಿಗೆ ಬಂಗಾರ, ಅದರಾಗ ಒಂದು ಬೆಟ್ಟ ಒಂದು ಸೂರ್ಯ ಒಂದು ಪುಸ್ತಕ ಒಂದು ಕೈ ಒಂದು ದೀಪ, ಎಲ್ಲಾ ಡೈರೆಕ್ಟರ್‌ಗಳೂ ಒಂದೊಂದು ಹಾಕ್ಯಾರ. ಅದನ್ನ ರಬ್ಬರ್ ಸ್ಟಾಂಪ್ ಮಾಡ್ರಿ ಅಂತ ಬಂದ್ರ ಏನ್ ಮಾಡೂದ್ರಿ? ಬರೇ ಮಸಿ ಉಂಡಿ.

ಇದಕ್ಕ ಒಂದು ಪರೀಕ್ಷೆ ಐತಿ. ಲೋಗೋದ್ದು ಒಂದು ಜೆರಾಕ್ಸ್ ತಗಸ್ರಿ. ಕೆಂಪು ಮತ್ತ ಹಸಿರು ಕಣ್ಣಿಗೆ ಎಷ್ಟ ಬ್ಯಾರೆ ಕಂಡ್ರೂ ಎರಡೂ ಅಷ್ಟಷ್ಟ ಗಾಢ ಇದ್ರ ಜೆರಾಕ್ಸಿನ್ಯಾಗ ಒಂದ ಬೂದಿ ಆಕ್ಕಾವ, ಹಸಿರಿನ ಮ್ಯಾಲ ಬರದ ಕೆಂಪು ಹೆಸರು ಮಾಯ. ಜೆರಾಕ್ಸ್ ಅಷ್ಟ ಅಲ್ಲ, ಹಂಗ ನೋಡೋ ಮಂದಿನೂ ಅದಾರ. ನಮ್ಮ ಅಕ್ಕನ ಮಗ ರೈಲ್ವೇ ಪರೀಕ್ಷೆ ಪಾಸಾಗಿ ಮೆಡಿಕಲ್‌ನ್ಯಾಗ ಬಣ್ಣದ ಚುಕ್ಕಿ ಪುಸ್ತಕ ತೋರಿಸಿದಾಗ ಅಂಕಿ ಕಾಣವಲ್ದು ಅಂದ, ಅಲ್ಲಿ ತನಕ ಅವಂಗೂ ಗೊತ್ತಿರ್ಲಿಲ್ಲ ಮನಿಯವ್ರಿಗೂ ಗೊತ್ತಿರ್ಲಿಲ್ಲ. ಡ್ರೈವರ್ ಆಗೋ ಕನಸು ಅಲ್ಲಿಗೆ ಮುಗೀತು. ಅವನ ಕೈಯಾಗ ಕೆಂಪು-ಹಸಿರಿನ ಲೋಗೋ ಕೊಟ್ರ ಮಾಮಾ ಇಲ್ಲೇನೋ ಬರದೈತೇನು ಅಂತ ಕೇಳ್ತಾನ. ಆಹಾರದ ಡಬ್ಬಿ ಮ್ಯಾಲಿನ ಸಸ್ಯಾಹಾರಿ ಗುರ್ತು ನೋಡೀರಲ್ಲ, ಹಸಿರು ಚೌಕದಾಗ ಹಸಿರು ದುಂಡು, ಮಾಂಸಾಹಾರಿಗೆ ಮೊದಲ ಕಂದು ದುಂಡ ಇತ್ತು, 2020ರ ನಿಯಮದಾಗ ಅದನ್ನ ತ್ರಿಕೋನ ಮಾಡಿದ್ರು, ಬಣ್ಣ ಗೊತ್ತಾಗದವರಿಗೂ ಫರಕು ತಿಳೀಲಿ ಅಂತ. ಅಷ್ಟು ಸಣ್ಣ ಗುರ್ತಿಗೆ ಅಷ್ಟು ವಿಚಾರ ಮಾಡ್ಯಾರ.

ಸಹಕಾರಿ ಸಂಘದವರಿಗೆ ಇನ್ನೊಂದು ಮಾತು. ಏಷ್ಯಾದಾಗ ಮೊದಲಂತ ಹೇಳೋ ಕೃಷಿ ಪತ್ತಿನ ಸಂಘ 1905ರಾಗ ಆದದ್ದು ನಮ್ಮ ಗದಗ ತಾಲೂಕಿನ ಕಣಗಿನಹಾಳದಾಗ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು, ಸಭೆ ಸಭೆಯೊಳಗ ಇದನ್ನ ಭಾಷಣ ಮಾಡ್ತೀರಿ. ನವೆಂಬರ್ 14ಕ್ಕ ಸಹಕಾರ ಸಪ್ತಾಹ ಅಂತ ಏಳು ಬಣ್ಣದ ಧ್ವಜ ಹಾರಸ್ತೀರಿ. ಆ ಕಾಮನಬಿಲ್ಲಿನ ಧ್ವಜ ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟ 1925ರಾಗ ಒಪ್ಪಿದ್ದು, 2001ರಾಗ ಅವರ ಅದನ್ನ ಬದಲ ಮಾಡಿದ್ರು, ಯಾಕಂದ್ರ ಅದ ಏಳು ಬಣ್ಣ ಬ್ಯಾರೆ ಚಳವಳಿಯವರೂ ಹಿಡ್ಯಾಕ ಹತ್ತಿ ಯಾರ ಧ್ವಜ ಯಾವುದು ಅಂತ ಗೊಂದಲ ಆತು. ನಮ್ಮಲ್ಲೆ ಇನ್ನೂ ಏಳು ಬಣ್ಣ ನಡದೈತಿ, ನಡೀಲಿ, ಆದ್ರ ಕೆಂಪು ಮ್ಯಾಲೋ ನೇರಳೆ ಮ್ಯಾಲೋ ಅಂತ ಹೊಲಿಯೋವಾಗರ ನೋಡ್ರಿ, ಒಂದೊಂದು ಸಂಘದಾಗ ಒಂದೊಂದು ಸಾಲು ಐತಿ.

ಬಿಳಿ ಮ್ಯಾಲ ಕೆಂಪು ಕ್ರಾಸು ಹಾಕೋ ದವಾಖಾನಿಯವರದ್ದೂ ಹೇಳಬೇಕಿತ್ತು. ಅದು ರೆಡ್ ಕ್ರಾಸಿನವರದ್ದು ಮತ್ತ ಸೈನ್ಯದ ವೈದ್ಯರದ್ದು, ನಮ್ಮ ದೇಶದಾಗ 1960ರ ಜಿನೀವಾ ಕನ್ವೆನ್ಷನ್ ಕಾಯ್ದೆ ಪ್ರಕಾರ ಬ್ಯಾರೆಯವ್ರು ಹಾಕ್ಕೊಳ್ಳಂಗಿಲ್ಲ. ನಾವು ಡಿಟಿಪಿಯವರ ಕೇಳಿದವರಿಗೆಲ್ಲಾ ಹಾಕಿ ಕೊಡ್ತೀವಿ, ನಾನೂ ಕೊಟ್ಟೇನಿ, ಈಗ ಬಿಟ್ಟೇನಿ. ಟ್ರೇಡ್‌ಮಾರ್ಕ್ ಮಾಡ್ಸೋರು ಇನ್ನೊಂದು ತಿಳ್ಕೋರಿ, 1999ರ ಕಾಯ್ದೆಯ 10ನೇ ಕಲಮಿನ ಪ್ರಕಾರ ಬಣ್ಣದ ಮಿತಿ ಹಾಕದ ನೋಂದಣಿ ಆದ ಗುರ್ತು ಎಲ್ಲಾ ಬಣ್ಣಕ್ಕೂ ನೋಂದಣಿ ಆದ್ಹಂಗ. ಅದಕ್ಕ ತಿಳಿದ ವಕೀಲರು ಕಪ್ಪು ಬಿಳುಪಿನ್ಯಾಗ ಕೊಡ್ರಿ ಅಂತಾರ. ಅಲ್ಲೂ ನೋಡ್ರಿ ಮತ್ತ ಒಂದ ಬಣ್ಣದ ಲೋಗೋ ಬೇಕು.

ಸೆಕ್ರೆಟರಿ ಸಾಹೇಬ್ರ ಕಥಿ ಎಲ್ಲಿಗೆ ಬಂತು ಅಂದ್ರ, ಚಹಾ ಕುಡದ ಮ್ಯಾಲ ನಾವಿಬ್ಬರೂ ಶೇಡ್ ಕಾರ್ಡ್ ಹಿಡಕೊಂಡು ಅಂಗಡಿ ಕಟ್ಟಿ ಮ್ಯಾಲ ಬಿಸಿಲಿಗೆ ಕುಂತ್ವಿ. ಅವರು ಮೊದಲ ಹೊಳಪಿನದು ತೋರಿಸಿದ್ರು, ಇದು ಪೇಪರಿನ್ಯಾಗ ನಿಲ್ಲೂದಿಲ್ಲ ಅಂದೆ, ಆಮ್ಯಾಲೆ ಮೂರು ಹಸಿರು ತಗದು ಮೂರನ್ನೂ ಆರ್ಟ್ ಪೇಪರ್ ಮ್ಯಾಲ, ಬಿಲ್ ಬುಕ್ಕಿನ ಸಾದಾ ಕಾಗದದ ಮ್ಯಾಲ ಹೊಡದು ಎರಡು ದಿನ ಅವರ ಟೇಬಲ್ಲಿನ ಮ್ಯಾಲ ಇಟ್ವಿ. ಅಧ್ಯಕ್ಷರು ಬಂದು ಒಂದಕ್ಕ ಬೊಟ್ಟು ಮಾಡಿದ್ರು. ಸಯಾನ್ (ಸಿ) 85, ಮಜೆಂಟಾ (ಎಂ) 20, ಹಳದಿ (ವೈ) 100, ಕರಿ (ಕೆ) 10. ಕೂಡಿಸಿದ್ರ 215, ನಿಮ್ಮ ನ್ಯೂಸ್‌ಪ್ರಿಂಟಿಗೂ ನಡೀತೈತಿ. ಜೊತಿಗೆ ಬರೇ ಕರೀದೊಂದು, ಗಾಢ ಹಿನ್ನೆಲಿ ಮ್ಯಾಲ ಹಾಕಾಕ ಬರೇ ಬಿಳೀದೊಂದು. ಒಂದು ಹಾಳಿ ಮ್ಯಾಲ ಎಲ್ಲಾ ಹೊಡದು, ಲ್ಯಾಮಿನೇಷನ್ ಮಾಡಿ, ಠರಾವು ಪುಸ್ತಕದ ಒಳಗ ಇಟ್ಟಾರ. ಅದು ಬಿಸಿಲಿಗೆ ಇಡಬ್ಯಾಡ್ರಿ ಅಂತ ಹೇಳಿ ಕಳಿಸೇನಿ.

ಸಂಪಾದಕರೇ, ನಿಮ್ಮಲ್ಲೆ ಒಂದು ವಿನಂತಿ ಐತ್ರಿ. ಜಾಹೀರಾತು ತಗೊಳ್ಳೋ ಫಾರ್ಮಿನ್ಯಾಗ ಲೋಗೋದ ಬಣ್ಣದ ಅಂಕಿ ಬರೀರಿ ಅಂತ ಒಂದು ಸಾಲು ಹಾಕ್ರಿ, ಇಲ್ಲಾಂದ್ರ ಕಪ್ಪು ಬಿಳುಪಿನ್ಯಾಗ ಹಾಕ್ತೀವಿ ಅಂತ ಕೆಳಗ ಬರೀರಿ. ಅಷ್ಟು ಬರದ್ರ ಎಲ್ಲಾರೂ ತಾವ ಹುಡುಕ್ಕೊಂಡು ತರ್ತಾರ, ನಮ್ಮ ಅಂಗಡಿ ಮುಂದಿನ ಜಗಳಾನೂ ಕಡಿಮಿ ಆಕ್ಕಾವ.

ಸಂಘದ ಹೊಸಾ ಲೆಟರ್‌ಹೆಡ್ಡು, ಪಾಸ್‌ಬುಕ್ಕು ಅದ ಬಣ್ಣದಾಗ ಆಗ್ಯಾವ, ಬೋರ್ಡಿಗೆ ಕೊಟೇಶನ್ ಕೇಳ್ಯಾರ. ಗಾಡಿ ಮ್ಯಾಲಿನ ಸ್ಟಿಕರ್ ಒಂದು ಇನ್ನೂ ಗಿಣಿಹಸಿರ ಐತಿ, ಖಂಡೇಪೂಜಿಗೆ ಗಾಡಿ ತೊಳಿಯೋವಾಗ ಕಿತ್ತಿಸ್ತೀವಿ ಅಂದಾರ.

ಇಂತಿ ನಿಮ್ಮ ಓದುಗ,
ಡಿಟಿಪಿ ಅಂಗಡಿಯಾಂವ, ಬೆಟಗೇರಿ, ಗದಗ